ಯುರೇನಿಯಂ ಕಾರ್ಮಿಕರಿಗೆ ಸಲ್ಲಬೇಕಾದ ಋಣ

ರಾಷ್ಟ್ರವೊಂದು ತನ್ನ ರಕ್ಷಣೆಗಾಗಿ ಯೋಧನನ್ನು ರಣರಂಗಕ್ಕೆ ಕಳುಹಿಸಿದ ಮೇಲೆ, ಅವನು ಅಂಗಹೀನನಾಗಿ ಹಿಂದಿರುಗಿದರೆ ಅವನ ಜೀವನೋಪಾಯವನ್ನೂ, ಹಿಂದಿರುಗದೆ ಹೋದರೆ ಅವನ ಹೆಂಡತಿಮಕ್ಕಳ ಪೋಷಣೆಯನ್ನೂ ರಾಷ್ಟ್ರವೇ ವಹಿಸಿಕೊಳ್ಳತಕ್ಕದ್ದೆಂಬ ವಿಷಯದಲ್ಲಿ ಇಂದು ಯಾವ ನಾಗರಿಕ ಸಮಾಜದಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ಆದರೆ ಅದೇ ರಾಷ್ಟ್ರದ ಅದೇ ರಕ್ಷಣೆಗಾಗಿ, ಸಮವಸ್ತ್ರವಿಲ್ಲದೆ, ಪದಕ ಪ್ರಶಸ್ತಿಗಳಿಲ್ಲದೆ, ತಾನು ಒಡೆಯುತ್ತಿರುವ ಬಂಡೆಯಿಂದ ಏನು ಹೊರಡುತ್ತಿದೆಯೆಂಬುದನ್ನೂ ಅರಿಯದೆ ಭೂಗರ್ಭದಲ್ಲಿ ದುಡಿದು, ಇಪ್ಪತ್ತು ಮೂವತ್ತು ವರ್ಷಗಳ ತರುವಾಯ ಶ್ವಾಸಕೋಶದ ಅರ್ಬುದಕ್ಕೆ ತುತ್ತಾದ ಗಣಿಕಾರ್ಮಿಕನ ವಿಷಯದಲ್ಲಿ ಈ ನಿಸ್ಸಂದಿಗ್ಧತೆ ಕಾಣುವುದಿಲ್ಲ. ತಾನು ರೋಗಿಯೆಂಬುದನ್ನು ಅವನೇ ಸಾಧಿಸಬೇಕು. ಆ ರೋಗ ಗಣಿಯಿಂದಲೇ ಬಂದುದೆಂಬುದನ್ನೂ ಅವನೇ ಸಾಧಿಸಬೇಕು. ಆ ಗಣಿಯಲ್ಲಿ ತಾನು ದುಡಿದದ್ದು ಉಂಟೆಂಬುದಕ್ಕೂ ಅವನೇ ಪತ್ರ ತೋರಿಸಬೇಕು. ಇಷ್ಟೆಲ್ಲವನ್ನೂ ಸರ್ಕಾರ ಗೊತ್ತುಮಾಡಿದ ದಿನಾಂಕದೊಳಗೆ ಮುಗಿಸಬೇಕು. ಈ ವ್ಯವಸ್ಥೆ ನ್ಯಾಯಸಮ್ಮತವಾದುದಲ್ಲವೆಂಬುದೂ, ಯುರೇನಿಯಂ ಕಾರ್ಮಿಕನಿಗೆ ಸಲ್ಲುವ ಪರಿಹಾರ ರಾಷ್ಟ್ರವು ತೀರಿಸಲೇಬೇಕಾದ ಋಣವೆಂಬುದೂ ಈ ಲೇಖನದ ಪ್ರತಿಪಾದ್ಯ.

ಈ ಪ್ರಶ್ನೆ ಅತ್ಯಂತ ಸ್ಪಷ್ಟವಾದ ರೂಪದಲ್ಲಿ ಎದುರಾಗಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ 1990ರ ಅಕ್ಟೋಬರ್ 15ರಂದು ಹಿರಿಯ ಜಾರ್ಜ್ ಬುಷ್ ಅವರು ಅಧ್ಯಕ್ಷರಾಗಿದ್ದಾಗ ಅಂಕಿತವಾದ ವಿಕಿರಣ ಪರಿಹಾರ ಶಾಸನವು, ಯುರೇನಿಯಂ ಗಣಿಗಳಲ್ಲಿ ದುಡಿದವರಿಗೂ, ಅಣ್ವಸ್ತ್ರ ಪರೀಕ್ಷೆಗಳ ಧೂಳು ಬಿದ್ದ ಪ್ರದೇಶಗಳಲ್ಲಿ ವಾಸಿಸುತ್ತಿದ್ದವರಿಗೂ ರಾಷ್ಟ್ರದ ಹೆಸರಿನಲ್ಲಿ ಕ್ಷಮೆ ಯಾಚಿಸಿ, ಧನರೂಪವಾದ ಪರಿಹಾರವನ್ನು ಗೊತ್ತುಮಾಡಿತು. ಪ್ರಭುತ್ವವೊಂದು ತನ್ನ ಪ್ರಜೆಗಳ ಮುಂದೆ ತಪ್ಪೊಪ್ಪಿಕೊಳ್ಳುವುದು ವಿರಳವಾದ ಸಂಗತಿಯಾದ್ದರಿಂದ ಆ ಶಾಸನ ಗೌರವಕ್ಕೆ ಪಾತ್ರವಾದದ್ದು ಯುಕ್ತವೇ ಆಗಿದೆ. ಆದರೆ ಆ ಶಾಸನವೇ 2024ರ ಜೂನ್ ತಿಂಗಳಲ್ಲಿ ಅವಧಿ ಮುಗಿದು ನಿಂತುಹೋಗಿ, ಒಂದು ವರ್ಷಕ್ಕೂ ಮೇಲ್ಪಟ್ಟ ಕಾಲ ರೋಗಿಗಳ ಅರ್ಜಿಗಳನ್ನು ಸ್ವೀಕರಿಸುವವರೇ ಇಲ್ಲದಂತಾಗಿ, 2025ರ ಜುಲೈ 4ರಂದು ವೆಚ್ಚ ಮತ್ತು ತೆರಿಗೆಗಳ ಒಂದು ಬೃಹತ್ ಮಸೂದೆಯ ಭಾಗವಾಗಿ ಮತ್ತೆ ಜೀವ ಪಡೆಯಿತೆಂಬುದನ್ನು ನೆನೆದಾಗ, ಯಾಚಿಸಿದ ಕ್ಷಮೆಗೂ ಸಲ್ಲಿಸಿದ ನ್ಯಾಯಕ್ಕೂ ನಡುವೆ ಉಳಿದಿರುವ ಅಂತರ ಅರಿವಿಗೆ ಬರುತ್ತದೆ.

ಈ ಅಂತರವನ್ನು ಅಳೆಯಬೇಕಾದರೆ ಮೊದಲು ಆ ಕಾರ್ಮಿಕರಿಗಾದ ಅನ್ಯಾಯದ ಸ್ವರೂಪವನ್ನು ತಿಳಿಯಬೇಕು. ಗಣಿಯ ಗಾಳಿ ಮನುಷ್ಯನ ಶ್ವಾಸಕೋಶವನ್ನು ನಾಶಮಾಡಬಲ್ಲುದೆಂಬುದು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಹೊಸದಾಗಿ ಕಂಡುಹಿಡಿದ ವಿಷಯವೇನೂ ಆಗಿರಲಿಲ್ಲ. ಜರ್ಮನಿಗೂ ಬೊಹಿಮಿಯಾಕ್ಕೂ ನಡುವಣ ಬೆಟ್ಟಸಾಲಿನ ಶ್ನೇಬೆರ್ಗ್, ಯೋಆಕಿಮ್‌ಸ್ಟಾಲ್ ಗಣಿಗಳಲ್ಲಿ ಬೆಳ್ಳಿ ಮೊದಲಾದ ಲೋಹಗಳಿಗಾಗಿ ನೆಲ ತೋಡುತ್ತಿದ್ದವರು ಅಕಾಲದಲ್ಲಿ ಎದೆಯ ರೋಗದಿಂದ ಸಾಯುತ್ತಿದ್ದರೆಂಬುದು ಬಹುಕಾಲದ ಲೋಕಾನುಭವ. ಗಣಿವಿದ್ಯೆಯ ಮೇಲೆ 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಮಹಾಗ್ರಂಥದಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಗಣಿಪ್ರದೇಶದಲ್ಲಿ ಒಬ್ಬರಾದ ಮೇಲೊಬ್ಬರಂತೆ ಏಳು ಮಂದಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದರೆಂಬ ಉಲ್ಲೇಖವಿದೆ. ಶ್ನೇಬೆರ್ಗಿನ ಗಣಿಗಾರರನ್ನು ಕೊಲ್ಲುತ್ತಿದ್ದ ಆ ಎದೆರೋಗ ಶ್ವಾಸಕೋಶದಲ್ಲಿ ಹುಟ್ಟುವ ಮಾರಕವಾದ ಗಡ್ಡೆಯೆಂದು ಹ್ಯಾರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರಿಬ್ಬರು 1879ರಲ್ಲಿಯೇ ತೋರಿಸಿಕೊಟ್ಟರು. 1925ರಲ್ಲಿ ಜರ್ಮನಿ ಅದನ್ನು ವೃತ್ತಿರೋಗವೆಂದು ಶಾಸನದಲ್ಲಿಯೇ ಅಂಗೀಕರಿಸಿತು. ಅಮೆರಿಕವು ಅಣುಬಾಂಬಿಗೆ ಬೇಕಾದ ಅದಿರನ್ನು ಅರಸಿ ತನ್ನ ಪಶ್ಚಿಮದ ಪ್ರಸ್ಥಭೂಮಿಯನ್ನು ತೋಡತೊಡಗಿದ ಕಾಲಕ್ಕೆ ಈ ಜ್ಞಾನವೆಲ್ಲವೂ ವೈದ್ಯಗ್ರಂಥಗಳಲ್ಲಿ ಲಭ್ಯವಾಗಿತ್ತು.

ರೋಗದ ಕಾರಣವೂ ಬಲು ಬೇಗ ಸ್ಪಷ್ಟವಾಯಿತು. ಯುರೇನಿಯಂ ಧಾತು ಕೋಟ್ಯಂತರ ವರ್ಷಗಳ ಕಾಲ ಕ್ಷಯಿಸುತ್ತ ರೇಡಿಯಮ್ಮಾಗಿ, ರೇಡಿಯಮ್ಮಿನಿಂದ ರೇಡಾನ್ ಎಂಬ ಬಣ್ಣವೂ ವಾಸನೆಯೂ ಇಲ್ಲದ ಅನಿಲವಾಗಿ ಪರಿಣಮಿಸುತ್ತದೆ. ಬಂಡೆಯ ಬಿರುಕುಗಳಿಂದ ಹೊರಬರುವ ಈ ಅನಿಲ ತೆರೆದ ಬಯಲಿನಲ್ಲಿ ಚೆದುರಿಹೋಗುವುದಾದರೂ, ಗಾಳಿಯ ಸಂಚಾರವಿಲ್ಲದ ಸುರಂಗದಲ್ಲಿ ಸಾಂದ್ರವಾಗಿ ನಿಲ್ಲುತ್ತದೆ. ರೇಡಾನಿನಿಂದ ಹುಟ್ಟುವ ಪೊಲೋನಿಯಂ ಮುಂತಾದ ಕಣಗಳು ಧೂಳಿಗೆ ಅಂಟಿಕೊಂಡು ಉಸಿರಿನೊಡನೆ ಒಳಹೊಕ್ಕು, ಶ್ವಾಸನಾಳದ ಒಳಪದರದಲ್ಲಿ ನೆಲೆಸಿ, ಅಲ್ಲಿಯ ಜೀವಕೋಶಗಳ ಮೇಲೆ ಆಲ್ಫಾ ವಿಕಿರಣವನ್ನು ಸುರಿಸುತ್ತವೆ. ನಿಜವಾದ ಹಾನಿ ಅನಿಲಕ್ಕಿಂತಲೂ ಈ ಸಂತತಿ ಕಣಗಳಿಂದಲೇ ಆಗುವುದೆಂಬುದು 1950ರ ದಶಕದ ಆರಂಭದಲ್ಲಿ ವಿಜ್ಞಾನಿಗಳಿಗೆ ಖಚಿತವಾಗಿತ್ತು. ಪರಿಹಾರೋಪಾಯವೂ ಗಹನವಾದುದಲ್ಲ: ದೊಡ್ಡ ಬೀಸಣಿಗೆಯಂತ್ರಗಳಿಂದ ಗಣಿಯೊಳಕ್ಕೆ ಶುದ್ಧವಾಯುವನ್ನು ನಿರಂತರವಾಗಿ ಹಾಯಿಸಿದರೆ ಅಪಾಯ ಬಹುಮಟ್ಟಿಗೆ ಇಳಿಯುತ್ತದೆ. ಕಾರಣ ತಿಳಿದಿತ್ತು, ಉಪಾಯ ತಿಳಿದಿತ್ತು, ಅದಕ್ಕೆ ತಗಲುವ ವೆಚ್ಚ ಒಂದು ಸಮೃದ್ಧ ರಾಷ್ಟ್ರದ ಶಕ್ತಿಯನ್ನು ಮೀರಿದುದಾಗಿರಲಿಲ್ಲ; ಆದರೂ ಬಹುಪಾಲು ಗಣಿಗಳಲ್ಲಿ ಆ ಯಂತ್ರಗಳು ಬಹುಕಾಲ ತಿರುಗಲಿಲ್ಲ.

ಈ ಗಣಿಗಳಲ್ಲಿ ದುಡಿದವರಲ್ಲಿ ನವಾಹೊ ಜನಾಂಗದವರದು ವಿಶೇಷವಾದ ದುಃಖ. ಆರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಿಗೆ ವ್ಯಾಪಿಸಿರುವ ಅವರ ನೆಲದಿಂದ 1944ರಿಂದ 1986ರವರೆಗೆ ಹತ್ತಿರಹತ್ತಿರ ಮೂರು ಕೋಟಿ ಟನ್ ಯುರೇನಿಯಂ ಅದಿರನ್ನು ತೆಗೆಯಲಾಯಿತು. ಎರಡನೆಯ ಮಹಾಯುದ್ಧದಲ್ಲಿ ತಮ್ಮ ಮಾತೃಭಾಷೆಯನ್ನೇ ಗೂಢಸಂಕೇತವನ್ನಾಗಿ ಅಮೆರಿಕದ ಸೈನ್ಯಕ್ಕೆ ಒದಗಿಸಿಕೊಟ್ಟ ಜನ ಇವರು. ಕುರಿ ಸಾಕುವುದನ್ನೂ ಮುಸುಕಿನ ಜೋಳ ಬೆಳೆಯುವುದನ್ನೂ ಬಿಟ್ಟರೆ ಬೇರೆ ಜೀವನಾಧಾರ ವಿರಳವಾಗಿದ್ದ ಆ ಒಣನಾಡಿನಲ್ಲಿ, ಶಿಪ್‌ರಾಕ್, ಕೋವ್, ರೆಡ್ ವ್ಯಾಲಿ ಮುಂತಾದ ಊರುಗಳ ಗಂಡಸರು ಅಲ್ಪ ಕೂಲಿಗೆ ಗಣಿಯನ್ನು ಹೊಕ್ಕರು. ಸಿಡಿಮದ್ದು ಹಾರಿಸಿದ ಹೊಗೆ ಅಡಗುವ ಮೊದಲೇ ಒಳಹೋಗಿ ಅದಿರು ತುಂಬುವುದು, ಸುರಂಗದ ಗೋಡೆಯಿಂದ ಜಿನುಗಿದ ನೀರನ್ನೇ ಬಾಯಾರಿಕೆಗೆ ಕುಡಿಯುವುದು, ಧೂಳು ಮೆತ್ತಿದ ಬಟ್ಟೆಯಲ್ಲೇ ಮನೆಗೆ ಬಂದು ಮಕ್ಕಳನ್ನೆತ್ತಿಕೊಳ್ಳುವುದು ಅವರ ನಿತ್ಯಕ್ರಮವಾಗಿತ್ತು. ಗಣಿಯ ಬಾಯಲ್ಲಿ ರಾಶಿಬಿದ್ದ ಕಲ್ಲುಗಳಿಂದಲೇ ಕೆಲವರು ಮನೆಗಳನ್ನು ಕಟ್ಟಿಕೊಂಡರು. ಇದರಿಂದ ಕೇಡುಂಟೆಂದು ಅವರಿಗೆ ಅವರ ಭಾಷೆಯಲ್ಲಿ ಹೇಳಿದವರು ಯಾರೂ ಇರಲಿಲ್ಲ.

ಹೇಳದೆ ಇದ್ದದ್ದು ಅಜ್ಞಾನದಿಂದಲ್ಲವೆಂಬುದೇ ಈ ಪ್ರಕರಣದ ಅತ್ಯಂತ ಗುರುತರವಾದ ಅಂಶ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು 1950ರ ಸುಮಾರಿಗೆ ಯುರೇನಿಯಂ ಗಣಿಕಾರ್ಮಿಕರ ಆರೋಗ್ಯವನ್ನು ಕುರಿತು ವ್ಯವಸ್ಥಿತವಾದ ಅಧ್ಯಯನವನ್ನು ಪ್ರಾರಂಭಿಸಿತು. ಕಾರ್ಮಿಕರನ್ನು ಪರೀಕ್ಷಿಸಲಾಯಿತು, ಗಣಿಗಳ ಗಾಳಿಯನ್ನು ಅಳೆಯಲಾಯಿತು, ವರ್ಷಗಳು ಉರುಳಿದಂತೆ ಸಾವುಗಳನ್ನು ಎಣಿಸಲಾಯಿತು. ಆದರೆ ಗಣಿಯ ಮಾಲೀಕರು ತಮ್ಮ ಆವರಣದೊಳಕ್ಕೆ ಪ್ರವೇಶ ಕೊಡಲು ಒಡ್ಡಿದ ನಿಬಂಧನೆಗೆ ಮಣಿದು, ಆ ಅಳತೆಗಳ ಅರ್ಥವನ್ನು ಕಾರ್ಮಿಕರಿಗೆ ತಿಳಿಸದಿರಲು ಅಧಿಕಾರಿಗಳು ಒಪ್ಪಿದರು. ಡಂಕನ್ ಹಾಲಡೇ ಎಂಬ ಆರೋಗ್ಯಾಧಿಕಾರಿ ಗಣಿಗಳಲ್ಲಿ ವಾಯುಸಂಚಾರದ ಏರ್ಪಾಡು ಆಗಲೇಬೇಕೆಂದು ಪದೇಪದೇ ಎಚ್ಚರಿಸಿದರೂ, ಅದಿರಿನ ಏಕಮಾತ್ರ ಗ್ರಾಹಕನಾಗಿದ್ದ ಪರಮಾಣುಶಕ್ತಿ ಆಯೋಗವು ಗಣಿಗಳ ಸುರಕ್ಷತೆ ರಾಜ್ಯಗಳಿಗೆ ಸೇರಿದ ವಿಷಯವೆಂದು ಹೊಣೆಯನ್ನು ನಿರಾಕರಿಸಿತು. 1967ರಲ್ಲಿ ಕಾರ್ಮಿಕ ಮಂತ್ರಿಗಳಾಗಿದ್ದ ವಿಲರ್ಡ್ ವರ್ಟ್ಜ್ ಅವರು ಇತರ ಇಲಾಖೆಗಳ ವಿಳಂಬದಿಂದ ಬೇಸತ್ತು ತಾವಾಗಿಯೇ ವಿಕಿರಣದ ಮಿತಿಯೊಂದನ್ನು ಘೋಷಿಸುವವರೆಗೆ ಕೇಂದ್ರ ಸರ್ಕಾರದ ಕಡೆಯಿಂದ ಪರಿಣಾಮಕಾರಿಯಾದ ಕಟ್ಟಳೆ ಹೊರಡಲಿಲ್ಲ. ಗಣಿಗಳಲ್ಲಿ ಗಾಳಿಯ ಏರ್ಪಾಡನ್ನು ವಿಧಿಸಲು ಶಕ್ತಿಯಿದ್ದೂ ಸರ್ಕಾರ ಹಾಗೆ ಮಾಡಲಿಲ್ಲವೆಂದು, ಅಧ್ಯಕ್ಷ ಕ್ಲಿಂಟನ್ ಅವರು ನೇಮಿಸಿದ ಸಲಹಾ ಸಮಿತಿಯೇ 1995ರ ತನ್ನ ವರದಿಯಲ್ಲಿ ಆಕ್ಷೇಪಿಸಿತು.

ನ್ಯಾಯಾಲಯಗಳಾದರೂ ಇವರ ಕೈಹಿಡಿದವೆ ಎಂದರೆ ಅದೂ ಆಗಲಿಲ್ಲ. ಕೆನಡಿ ಮತ್ತು ಜಾನ್ಸನ್ ಅವರ ಮಂತ್ರಿಮಂಡಲಗಳಲ್ಲಿ ಒಳನಾಡಿನ ಸಚಿವರಾಗಿದ್ದ ಸ್ಟುವರ್ಟ್ ಯೂಡಾಲ್ ಅವರು ಅಧಿಕಾರದಿಂದ ಇಳಿದ ತರುವಾಯ ವಕೀಲರಾಗಿ ನವಾಹೊ ಗಣಿಗಾರರ ಮತ್ತು ಅವರ ವಿಧವೆಯರ ಪಕ್ಷವನ್ನು ವಹಿಸಿಕೊಂಡು, 1979ರಲ್ಲಿ ಸರ್ಕಾರದ ಮೇಲೆ ವ್ಯಾಜ್ಯ ಹೂಡಿದರು. ಕಾರ್ಮಿಕರಿಗೆ ಅಪಾಯವನ್ನು ತಿಳಿಸದೆ ಇದ್ದದ್ದು ಸರ್ಕಾರದ ವಿವೇಚನಾಧಿಕಾರದ ವ್ಯಾಪ್ತಿಗೆ ಸೇರಿದ ನಿರ್ಧಾರವೆಂದೂ, ಅಂಥ ನಿರ್ಧಾರಗಳಿಗಾಗಿ ಸರ್ಕಾರವನ್ನು ನ್ಯಾಯಾಲಯದಲ್ಲಿ ಹೊಣೆಮಾಡಲು ಶಾಸನ ಅವಕಾಶ ಕೊಡುವುದಿಲ್ಲವೆಂದೂ 1984ರಲ್ಲಿ ತೀರ್ಪಾಯಿತು; ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕೆಳಗಿನ ನ್ಯಾಯಾಧೀಶರು ಕಾರ್ಮಿಕರ ಕಷ್ಟವನ್ನು ಮನಗಂಡರಾದರೂ ಅದರ ನಿವಾರಣೆ ಶಾಸನಸಭೆಯಿಂದ ಆಗತಕ್ಕದ್ದೆಂದು ಬಿಟ್ಟರು. ಹೀಗೆ ನ್ಯಾಯಾಲಯದ ಬಾಗಿಲು ಮುಚ್ಚಿದ್ದರಿಂದಲೇ 1990ರ ಶಾಸನ ಅವಶ್ಯವಾಯಿತೆಂಬುದನ್ನು ಮರೆಯಬಾರದು. ಸಾಮಾನ್ಯ ಪ್ರಜೆಗೆ ದೊರೆಯುವ ವ್ಯಾಜ್ಯದ ಹಕ್ಕು ಇವರಿಗೆ ದೊರೆಯಲಿಲ್ಲ. ಆ ಹಕ್ಕಿಗೆ ಪ್ರತಿಯಾಗಿ ಬಂದದ್ದು ಈ ಶಾಸನ. ಆದಕಾರಣ ಅದನ್ನು ಕೃಪೆಯೆಂದು ಬಗೆಯುವುದು ಇತಿಹಾಸಕ್ಕೆ ವಿರುದ್ಧ.

1990ರ ಶಾಸನ ಗಣಿಕಾರ್ಮಿಕನಿಗೆ ಒಂದು ಲಕ್ಷ ಡಾಲರುಗಳನ್ನು ಗೊತ್ತುಮಾಡಿತು. ಆದರೆ ಅದನ್ನು ಪಡೆಯುವ ದಾರಿಯಲ್ಲಿ ಅಡ್ಡಿಗಳು ಬಹುವಾಗಿದ್ದವು. ಕಾರ್ಮಿಕನು ಇಂತಿಷ್ಟು ವಿಕಿರಣಕ್ಕೆ ಒಳಗಾಗಿದ್ದನೆಂದು ಲೆಕ್ಕ ತೋರಿಸಬೇಕಾಗಿತ್ತು. ಆ ಮಿತಿಯನ್ನು ಬಹಳ ಎತ್ತರದಲ್ಲಿ ಇರಿಸಲಾಗಿತ್ತು. ಧೂಮಪಾನ ಮಾಡುತ್ತಿದ್ದವನಿಗೆ ಇನ್ನೂ ಎತ್ತರದ ಮಿತಿ. ಧಾರ್ಮಿಕ ಕ್ರಿಯೆಗಳಲ್ಲಿ ವಿಧಿಪೂರ್ವಕವಾಗಿ ಹೊಗೆ ಸೇದುವ ನವಾಹೊ ಹಿರಿಯನ ಆಚಾರವೂ ಅವನಿಗೆ ತೊಡಕಾಗಿ ಬಂತು. ಕುಲಾಚಾರದಂತೆ ಮದುವೆಯಾಗಿ ಅರ್ಧಶತಮಾನ ಸಂಸಾರ ನಡೆಸಿದ ವಿಧವೆಯ ಬಳಿ ವಿವಾಹಪತ್ರವಿರಲಿಲ್ಲ. ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಜನನಪತ್ರವಿರಲಿಲ್ಲ. ಎಂದೋ ಮುಚ್ಚಿಹೋದ ಚಿಕ್ಕಪುಟ್ಟ ಗಣಿಗಳ ಹಾಜರಿಪುಸ್ತಕಗಳು ಎಲ್ಲಿಯೂ ಸಿಗುತ್ತಿರಲಿಲ್ಲ. ಅದಿರನ್ನು ಅರೆದು ಹಳದಿ ಪುಡಿ ಮಾಡುತ್ತಿದ್ದ ಕಾರ್ಖಾನೆಯ ಕೆಲಸಗಾರರನ್ನೂ, ಅದಿರನ್ನು ಲಾರಿಗಳಲ್ಲಿ ಸಾಗಿಸುತ್ತಿದ್ದವರನ್ನೂ ಶಾಸನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

2000ದ ಜುಲೈಯಲ್ಲಿ ಆದ ತಿದ್ದುಪಡಿಯಿಂದ ಇವುಗಳಲ್ಲಿ ಅನೇಕ ದೋಷಗಳು ನಿವಾರಣೆಯಾದವೆಂಬುದನ್ನು ಒಪ್ಪಿಕೊಳ್ಳಬೇಕು. ವಿಕಿರಣದ ಮಿತಿ ಬಹಳವಾಗಿ ಇಳಿಯಿತು. ಒಂದು ವರ್ಷ ದುಡಿದಿದ್ದರೂ ಸಾಕೆಂಬ ಪರ್ಯಾಯ ನಿಯಮ ಬಂತು. ಧೂಮಪಾನದ ಭೇದ ಹೋಯಿತು. ಕಾರ್ಖಾನೆಯವರೂ ಸಾಗಾಣಿಕೆಯವರೂ ಪರಿಹಾರಕ್ಕೆ ಅರ್ಹರಾದರು. ಅದೇ ವರ್ಷದ ಮತ್ತೊಂದು ಶಾಸನದಿಂದ, ಪರಿಹಾರ ಪಡೆದ ಯುರೇನಿಯಂ ಕಾರ್ಮಿಕರಿಗೆ ಹೆಚ್ಚುವರಿಯಾಗಿ ಐವತ್ತು ಸಾವಿರ ಡಾಲರೂ ಚಿಕಿತ್ಸೆಯ ವೆಚ್ಚವೂ ದೊರೆಯುವಂತಾಯಿತು. ಆದರೆ ಅದೇ 2000ದಲ್ಲಿ ಪರಿಹಾರನಿಧಿ ಬರಿದಾಗಿ, ಅರ್ಜಿ ಅಂಗೀಕೃತವಾದ ರೋಗಿಗಳಿಗೆ ಹಣದ ಬದಲು, ಮುಂದೆ ಹಣ ಬಂದಾಗ ಕೊಡಲಾಗುವುದೆಂಬ ಕಾಗದಗಳು ಹೋದವು. ಆ ಕಾಗದವನ್ನು ಕೈಯಲ್ಲಿ ಹಿಡಿದೇ ಪ್ರಾಣಬಿಟ್ಟವರೂ ಉಂಟು. 2024ರವರೆಗೆ ಶಾಸನ ಜಾರಿಯಲ್ಲಿದ್ದ ಕಾಲದಲ್ಲಿ ಒಟ್ಟು ನಲವತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳ ಮೇಲೆ 260 ಕೋಟಿ ಡಾಲರುಗಳನ್ನು ಮೀರಿದ ಹಣ ವಿತರಣೆಯಾಯಿತು; ಒಂದು ರಾಷ್ಟ್ರದ ಅಣ್ವಸ್ತ್ರಗಳ ನಿರ್ಮಾಣಕ್ಕೂ ರಕ್ಷಣೆಗೂ ವ್ಯಯವಾದ ದ್ರವ್ಯದ ಮುಂದೆ ಇದು ಅತ್ಯಲ್ಪವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ತಿದ್ದುಪಡಿಯ ತರುವಾಯವೂ ಒಂದು ದೊಡ್ಡ ಅನ್ಯಾಯ ಕಾಲು ಶತಮಾನ ಉಳಿದುಕೊಂಡಿತು. 1971ರ ಡಿಸೆಂಬರ್ 31ರವರೆಗೆ ದುಡಿದವರಿಗೆ ಮಾತ್ರ ಪರಿಹಾರ, ಮರುದಿನದಿಂದ ಗಣಿಯನ್ನು ಹೊಕ್ಕವರಿಗೆ ಇಲ್ಲ ಎಂಬುದೇ ಆ ನಿಯಮ. ಅಲ್ಲಿಯವರೆಗೆ ಸರ್ಕಾರವೇ ಅದಿರಿನ ಗ್ರಾಹಕನಾಗಿತ್ತು, ಆಮೇಲೆ ವಿದ್ಯುತ್ ಸ್ಥಾವರಗಳ ಖಾಸಗಿ ಮಾರುಕಟ್ಟೆ ಬಂತು ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಆದರೆ ನ್ಯೂ ಮೆಕ್ಸಿಕೊದ ಲಗೂನಾ ಪುಯೆಬ್ಲೊ ಜನರ ನೆಲದಲ್ಲಿ 1953ರಿಂದ 1982ರವರೆಗೆ ನಡೆದ ಜ್ಯಾಕ್‌ಪೈಲ್ ಎಂಬ ವಿಶಾಲವಾದ ತೆರೆದ ಗಣಿಯಲ್ಲಿ, 1971ರ ಡಿಸೆಂಬರಿನಲ್ಲಿ ಅಗೆದ ಬಂಡೆಗೂ 1972ರ ಜನವರಿಯಲ್ಲಿ ಅಗೆದ ಬಂಡೆಗೂ ಯಾವ ಭೇದವಿತ್ತು? ಅದೇ ಧೂಳು, ಅದೇ ಅದಿರು, ಅನೇಕ ವೇಳೆ ಅದೇ ಮನುಷ್ಯ. ಅಣ್ಣನಿಗೆ ಪರಿಹಾರ ದೊರೆತು, ಮರುವರ್ಷ ಕೆಲಸಕ್ಕೆ ಸೇರಿದ ತಮ್ಮನಿಗೆ ದೊರೆಯಬಾರದೆಂಬ ನಿಯಮವನ್ನು ವೈದ್ಯಶಾಸ್ತ್ರವಾಗಲಿ ಧರ್ಮಶಾಸ್ತ್ರವಾಗಲಿ ಸಮರ್ಥಿಸಲಾರದು. 2025ರ ಶಾಸನವು ಈ ಗಡಿಯನ್ನು 1990ರ ಅಂತ್ಯದವರೆಗೆ ವಿಸ್ತರಿಸಿ, ಅದಿರಿನ ಶೋಧಕ್ಕಾಗಿ ಬಂಡೆ ಕೊರೆಯುತ್ತಿದ್ದವರನ್ನೂ, ಗಣಿಪ್ರದೇಶವನ್ನು ಶುದ್ಧಿಗೊಳಿಸುವ ಕೆಲಸದಲ್ಲಿದ್ದವರನ್ನೂ ಸೇರಿಸಿಕೊಂಡದ್ದು ಅತ್ಯಂತ ಶ್ಲಾಘ್ಯವಾದ ಕಾರ್ಯ. ಇದಕ್ಕಾಗಿ ಪಕ್ಷಭೇದವನ್ನು ಮರೆತು ದುಡಿದ ಮಿಸೌರಿಯ ಜೋಷ್ ಹಾಲಿ, ನ್ಯೂ ಮೆಕ್ಸಿಕೊದ ಬೆನ್ ರೇ ಲುಹಾನ್ ಎಂಬ ಸೆನೆಟರುಗಳಿಗಿಂತಲೂ, ವಾಷಿಂಗ್ಟನ್ನಿಗೆ ವರ್ಷವರ್ಷವೂ ಸುದೀರ್ಘ ಪ್ರಯಾಣ ಮಾಡಿ ಸಾಕ್ಷ್ಯ ನುಡಿದ ವೃದ್ಧ ಕಾರ್ಮಿಕರಿಗೂ ವಿಧವೆಯರಿಗೂ ಹೆಚ್ಚಿನ ಕೀರ್ತಿ ಸಲ್ಲಬೇಕು.

ಆದರೂ ಈ ನೂತನ ಶಾಸನ ಪೂರ್ಣನ್ಯಾಯವೆನಿಸಲಾರದು. ಅದರಲ್ಲಿ ಉಳಿದಿರುವ ನ್ಯೂನತೆಗಳನ್ನು ವಿಚಾರಿಸಿದರೆ, ಯಾವ ದೇಶದಲ್ಲಿಯೇ ಆಗಲಿ, ಇಂಥ ಪರಿಹಾರ ಯಾವ ತತ್ತ್ವಗಳ ಮೇಲೆ ನಿಲ್ಲಬೇಕೆಂಬುದು ತಾನಾಗಿಯೇ ತೋರಿಬರುತ್ತದೆ.

ಮೊದಲನೆಯದಾಗಿ, ಪರಿಹಾರಕ್ಕೆ ಅವಧಿಯಿರಕೂಡದು. ಈಗಿನ ಶಾಸನದಂತೆ ಅರ್ಜಿಗಳು 2027ರ ಡಿಸೆಂಬರ್ 31ರೊಳಗೆ ಸಲ್ಲತಕ್ಕದ್ದು. ವಿಕಿರಣದಿಂದ ಹುಟ್ಟುವ ಅರ್ಬುದವಾದರೋ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟ ಕಾಲ ದೇಹದೊಳಗೆ ಅಡಗಿದ್ದು ಆಮೇಲೆ ಪ್ರಕಟವಾಗುವ ಸ್ವಭಾವದ್ದು. 1990ರಲ್ಲಿ ಇಪ್ಪತ್ತೈದು ವರ್ಷದ ಯುವಕನಾಗಿ ಗಣಿಯಲ್ಲಿದ್ದವನಿಗೆ 2025ರಲ್ಲಿ ಅರುವತ್ತು. ಅವನ ರೋಗ 2028ರಲ್ಲಿ ಕಾಣಿಸಿಕೊಂಡರೆ ಅವನು ಯಾರ ಬಾಗಿಲಿಗೆ ಹೋಗಬೇಕು? ತಾನು ಮಾಡಿದ ಹಾನಿ ಇಂದಿಗೂ ಫಲ ಕೊಡುತ್ತಿರುವಾಗ, ಅದಕ್ಕೆ ಸಲ್ಲುವ ಪರಿಹಾರವನ್ನು ಎರಡು ಮೂರು ವರ್ಷಗಳ ಅವಧಿಗೆ ಕಟ್ಟಿಹಾಕಿ, ಪ್ರತಿಬಾರಿಯೂ ಶಾಸನಸಭೆಯ ಒಳಗಿನ ಲೇವಾದೇವಿಗೆ ಅದನ್ನು ಒಡ್ಡುವುದು ಸರ್ಕಾರಕ್ಕೆ ಶೋಭಿಸುವ ನಡವಳಿಕೆಯಲ್ಲ. ಕೊನೆಯ ಕಾರ್ಮಿಕನೂ ಅವನ ಅವಲಂಬಿತರೂ ಬದುಕಿರುವವರೆಗೆ ಈ ಶಾಸನ ಬದುಕಿರಬೇಕು.

ಎರಡನೆಯದಾಗಿ, ಪರಿಹಾರದ ಮೊತ್ತ ಬೆಲೆಗಳೊಡನೆ ಏರತಕ್ಕದ್ದು. 1990ರಲ್ಲಿ ಗಣಿಕಾರ್ಮಿಕನಿಗೆ ಗೊತ್ತಾದದ್ದು ಒಂದು ಲಕ್ಷ ಡಾಲರು. 2025ರಲ್ಲಿಯೂ ಅದೇ ಒಂದು ಲಕ್ಷ. ಅಂದಿನ ಲಕ್ಷ ಡಾಲರಿನ ಕ್ರಯಶಕ್ತಿಗೆ ಸಮನಾಗಬೇಕಾದರೆ ಇಂದು ಸುಮಾರು ಎರಡು ಲಕ್ಷ ನಲವತ್ತು ಸಾವಿರ ಡಾಲರು ಬೇಕು. ಎಂದರೆ ಶಾಸನದ ಅಕ್ಷರ ಬದಲಾಗದೆಯೇ ಪರಿಹಾರ ಅರ್ಧಕ್ಕಿಂತಲೂ ಕೆಳಕ್ಕೆ ಇಳಿದಿದೆ. ಚಿಕಿತ್ಸೆಯ ವೆಚ್ಚವೋ ಈ ಅವಧಿಯಲ್ಲಿ ಸಾಮಾನ್ಯ ಬೆಲೆಗಳಿಗಿಂತಲೂ ವೇಗವಾಗಿ ಏರಿದೆ. ಅರ್ಜಿ ಕೊಡುವುದಕ್ಕೆ ಹತ್ತಾರು ವರ್ಷ ಕಾದು ನಿಂತವನು, ಕಾದದ್ದಕ್ಕಾಗಿಯೇ ಕಡಮೆ ಪಡೆಯುವಂತಾದರೆ, ವಿಳಂಬದಿಂದ ಲಾಭ ಸರ್ಕಾರಕ್ಕೂ ನಷ್ಟ ರೋಗಿಗೂ ಆಗುತ್ತದೆ. ಪರಿಹಾರವನ್ನು ಬೆಲೆಯ ಸೂಚ್ಯಂಕಕ್ಕೆ ಹೊಂದಿಸುವುದು ಅಷ್ಟೇನೂ ಕಠಿಣವಾದ ಏರ್ಪಾಡಲ್ಲ. ನಿವೃತ್ತಿವೇತನಗಳಿಗೆ ಅದನ್ನು ಮಾಡುತ್ತಲೇ ಇದ್ದೇವೆ.

ಮೂರನೆಯದಾಗಿ, ಸಾಧಿಸಿ ತೋರಿಸುವ ಹೊರೆಯನ್ನು ಕಾರ್ಮಿಕನ ತಲೆಯ ಮೇಲಿಂದ ಇಳಿಸಬೇಕು. ಗಣಿಯ ಗಾಳಿಯನ್ನು ಅಳೆದವರು ಸರ್ಕಾರದವರು, ಆ ಅಳತೆಗಳನ್ನು ಬರೆದಿಟ್ಟವರು ಅವರು, ಅವನ್ನು ಗೋಪ್ಯವಾಗಿಟ್ಟವರೂ ಅವರೇ. ಲೆಕ್ಕದ ಪುಸ್ತಕವನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡ ಸಾಲಗಾರನು, ಸಾಲ ಕೊಟ್ಟವನನ್ನು ಕುರಿತು, ಪತ್ರ ತಂದು ತೋರಿಸಿದರೆ ಮಾತ್ರ ಕೊಡುತ್ತೇನೆ ಎನ್ನುವುದು ಹೇಗೋ ಹಾಗೆ ಇದು. ಇಲ್ಲಿ ಎತ್ತುವ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಶ್ವಾಸಕೋಶದ ಅರ್ಬುದಕ್ಕೆ ತಂಬಾಕು ಮೊದಲಾದ ಬೇರೆ ಕಾರಣಗಳೂ ಇರುವುದರಿಂದ, ಪ್ರತಿಯೊಂದು ಪ್ರಕರಣದಲ್ಲಿಯೂ ಗಣಿಯೇ ಕಾರಣವೆಂದು ಹೇಗೆ ನಂಬುವುದು ಎಂದು ಕೆಲವರು ಕೇಳುತ್ತಾರೆ. ಯಾವ ವೈದ್ಯನೂ ಒಂದು ಗಡ್ಡೆಯನ್ನು ನೋಡಿ ಇದು ರೇಡಾನಿನದು, ಇದು ತಂಬಾಕಿನದು ಎಂದು ಹೇಳಲಾರನೆಂಬುದು ನಿಜ. ಆದರೆ ಗಣಿಯ ಗಾಳಿಯನ್ನು ಹೆಚ್ಚು ಕಾಲ ಉಸಿರಾಡಿದವರಲ್ಲಿ ಈ ರೋಗ ಹೆಚ್ಚುತ್ತದೆಂಬುದೂ, ಧೂಮಪಾನವನ್ನು ಮುಟ್ಟದವರಲ್ಲಿಯೂ ಅದು ಹೆಚ್ಚುತ್ತದೆಂಬುದೂ, ಎರಡೂ ಕೂಡಿದಾಗ ಅಪಾಯ ಇನ್ನೂ ಮಿಗಿಲಾಗುತ್ತದೆಂಬುದೂ ಅಷ್ಟೇ ನಿಜ. ಜ್ಞಾನ ಹೀಗೆ ಸಂಭಾವ್ಯತೆಯಲ್ಲಿ ನಿಲ್ಲುವ ಕಡೆ, ಆ ಸಂದೇಹದ ಲಾಭ ಯಾರಿಗೆ ಸಲ್ಲಬೇಕೆಂಬುದು ವಿಜ್ಞಾನದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಅಪಾಯವನ್ನು ಬಲ್ಲವನು ಮೌನವಾಗಿದ್ದು, ಅರಿಯದವನು ಅದಕ್ಕೆ ಒಳಗಾದ ಮೇಲೆ, ಸಂದೇಹದ ಲಾಭ ಅರಿಯದವನಿಗೆ ಸಲ್ಲುವುದೇ ಧರ್ಮ.

ನಾಲ್ಕನೆಯದಾಗಿ, ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಹಣದಿಂದ ಹೊಣೆ ಮುಗಿಯದು. ಆಮ್ಲಜನಕದ ನಳಿಕೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ದಿನ ಕಳೆಯುವ, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್‌ನ ರೋಗಿಗೂ, ಮೂತ್ರಪಿಂಡಗಳು ಕೆಟ್ಟ ಕಾರ್ಖಾನೆಯ ಕೆಲಸಗಾರನಿಗೂ ಬೇಕಾದದ್ದು ಆಜೀವ ಶುಶ್ರೂಷೆ. ಅವರು ವಾಸಿಸುವ ದೂರದ ಹಳ್ಳಿಗಳಿಗೆ ಹತ್ತಿರವಾದ ಆಸ್ಪತ್ರೆ. ಅವರ ಭಾಷೆಯನ್ನು ಬಲ್ಲ ವೈದ್ಯರು. ರೋಗ ಪ್ರಕಟವಾಗುವ ಮೊದಲೇ ಕಂಡುಹಿಡಿಯುವ ನಿಯತವಾದ ತಪಾಸಣೆ. ಈ ವಿಷಯದಲ್ಲಿ ಜರ್ಮನಿಯ ಅನುಭವದಿಂದ ಕಲಿಯಬೇಕಾದದ್ದುಂಟು. ಹಿಂದಣ ಪೂರ್ವ ಜರ್ಮನಿಯ ಸ್ಯಾಕ್ಸನಿ ಮತ್ತು ತುರಿಂಗಿಯಾ ಪ್ರಾಂತಗಳಲ್ಲಿ ಸೋವಿಯೆತ್ ಅಣ್ವಸ್ತ್ರಗಳಿಗಾಗಿ 1946ರಿಂದ 1990ರವರೆಗೆ ಯುರೇನಿಯಂ ತೆಗೆದ ವಿಸ್ಮುಟ್ ಸಂಸ್ಥೆಯ ಕಾರ್ಮಿಕರೂ ಇದೇ ರೋಗಗಳಿಗೆ ತುತ್ತಾದರು. ಏಕೀಕರಣದ ತರುವಾಯ ಜರ್ಮನಿ ಪ್ರತ್ಯೇಕವಾದ ದಯಾನಿಧಿಯೊಂದನ್ನು ಸ್ಥಾಪಿಸುವ ಬದಲು, ಅವರ ಅರ್ಬುದವನ್ನು ತನ್ನ ಸಾಮಾನ್ಯ ಕಾರ್ಮಿಕ ವಿಮೆಯ ವೃತ್ತಿರೋಗವನ್ನಾಗಿ ನಡೆಸಿಕೊಂಡು, ಸಹಸ್ರಾರು ಪ್ರಕರಣಗಳನ್ನು ಅಂಗೀಕರಿಸಿ, ಚಿಕಿತ್ಸೆಯನ್ನೂ ಮಾಸಾಶನವನ್ನೂ ಕೊಡುತ್ತ ಬಂದಿದೆ. ಕಾರ್ಮಿಕರು ಬೇರೊಂದು ರಾಜ್ಯವ್ಯವಸ್ಥೆಯ ಕೆಳಗೆ, ಬೇರೊಂದು ದೇಶದ ಬಾಂಬುಗಳಿಗಾಗಿ ದುಡಿದಿದ್ದರೆಂಬ ನೆಪವನ್ನು ಅದು ಮುಂದೊಡ್ಡಲಿಲ್ಲ. ಅಲ್ಲಿಯ ಪದ್ಧತಿಯಲ್ಲಿಯೂ ಪ್ರಮಾಣದ ಲೆಕ್ಕ, ತಿರಸ್ಕೃತವಾದ ಅರ್ಜಿಗಳು ಇದ್ದೇ ಇವೆ. ಆದರೆ ಕಾರ್ಮಿಕನ ಹಕ್ಕು ವರ್ಷ ಮುಗಿದರೆ ಮುಗಿಯುವಂಥದ್ದಲ್ಲ.

ಈ ವಿಚಾರ ನಮ್ಮಿಂದ ದೂರವಾದುದೆಂದು ಕನ್ನಡ ಓದುಗರು ಭಾವಿಸಬೇಕಾಗಿಲ್ಲ. ಝಾರ್ಖಂಡಿನ ಪೂರ್ವ ಸಿಂಹಭೂಮಿ ಜಿಲ್ಲೆಯ ಜಾದುಗೊಡದಲ್ಲಿ 1960ರ ದಶಕದಿಂದ, ಭಾರತ ಯುರೇನಿಯಂ ನಿಗಮದ ಗಣಿಗಳಲ್ಲಿ ಹೋ, ಸಂತಾಲ, ಮುಂಡಾ ಮುಂತಾದ ಆದಿವಾಸಿ ಜನರು ದುಡಿಯುತ್ತ ಬಂದಿದ್ದಾರೆ. ಅಲ್ಲಿ ವಿಕಿರಣ ಮಿತಿಯೊಳಗೆ ಇದೆಯೆಂದು ನಿಗಮ ಹೇಳುತ್ತದೆ. ರೋಗಗಳು ಹೆಚ್ಚಿವೆಯೆಂದು ಜನರೂ ಅವರ ಸಂಘಟನೆಗಳೂ ಹೇಳುತ್ತವೆ. 2014ರಲ್ಲಿ ಆ ರಾಜ್ಯದ ಉಚ್ಚ ನ್ಯಾಯಾಲಯ ಸ್ವಯಂಪ್ರೇರಿತವಾಗಿ ಈ ವಿಷಯವನ್ನು ಕೈಗೆತ್ತಿಕೊಂಡಿತು. ಅಲ್ಲಿಯ ಅದಿರಿನಲ್ಲಿ ಯುರೇನಿಯಮ್ಮಿನ ಅಂಶ ಕಡಮೆ, ಗಣಿಗಳಿಗೆ ಗಾಳಿಯ ಏರ್ಪಾಡುಂಟು ಎಂಬ ವಾದಗಳನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಯಾರ ಮಾತು ಸರಿಯೆಂಬುದನ್ನು ನಿರ್ಣಯಿಸಲು ಬೇಕಾದ ಸ್ವತಂತ್ರವೂ ಬಹಿರಂಗವೂ ದೀರ್ಘಕಾಲಿಕವೂ ಆದ ಆರೋಗ್ಯ ದಾಖಲೆ ಇರಬೇಡವೆ? ಉದ್ಯಮವನ್ನು ನಡೆಸುವ ಇಲಾಖೆಯೇ ಅದರ ಹಾನಿಯನ್ನೂ ಅಳೆಯುವುದಾದರೆ, ಅಳತೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಜನರ ವಿಶ್ವಾಸ ಅದರಲ್ಲಿ ನಿಲ್ಲುವುದು ದುಸ್ತರ.

ನಮ್ಮ ರಾಜ್ಯದಲ್ಲಿಯೇ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವನ್ನು ಗುರುತಿಸಿ ಪರಿಶೋಧನೆ ನಡೆಸಲಾಗಿದೆ. ಗಣಿಗಾರಿಕೆಯ ಪ್ರಸ್ತಾಪಕ್ಕೆ ಆ ಭಾಗದ ಜನ ವಿರೋಧವನ್ನೂ ವ್ಯಕ್ತಪಡಿಸಿದ್ದಾರೆ. ಅಲ್ಲಿ ಗಣಿ ತೆರೆಯಬೇಕೆ ಬೇಡವೆ ಎಂಬುದು ಬೇರೆಯದೇ ಆದ ಚರ್ಚೆ. ಆದರೆ ತೆರೆಯುವುದೇ ಆದರೆ, ಪರಿಹಾರದ ನಿಯಮಗಳು ಗಣಿಗಿಂತ ಮೊದಲು ಸಿದ್ಧವಾಗಿರಬೇಕು. ಗಣಿಕಾರ್ಮಿಕನ ಎದೆಯೊಳಗೆ ಕಲ್ಲಿನ ಧೂಳು ಏನು ಮಾಡಬಲ್ಲುದೆಂಬುದು ಕನ್ನಡ ನಾಡಿಗೆ ಅಪರಿಚಿತವಾದ ಸಂಗತಿಯಲ್ಲ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಸಿಲಿಕೋಸಿಸ್ ರೋಗವನ್ನು ವೈದ್ಯರು 1940ರ ದಶಕದಲ್ಲಿಯೇ ದಾಖಲಿಸಿದ್ದರು. 1923ರ ಕಾರ್ಮಿಕ ಪರಿಹಾರ ಶಾಸನದ ವೃತ್ತಿರೋಗಗಳ ಪಟ್ಟಿಯಲ್ಲಿ ಅಯಾನೀಕರಿಸುವ ವಿಕಿರಣದಿಂದ ಬರುವ ರೋಗಗಳಿಗೂ ಸ್ಥಾನ ದೊರೆತಿತ್ತು. ಆದರೆ ಕೆಲಸ ಬಿಟ್ಟು ಇಪ್ಪತ್ತು ವರ್ಷವಾದ ಮೇಲೆ ರೋಗಗ್ರಸ್ತನಾಗುವ ಗುತ್ತಿಗೆಯ ಕೂಲಿಯಾಳು, ತನ್ನ ಹೆಸರು ಯಾವ ಪುಸ್ತಕದಲ್ಲಿಯೂ ನೆಟ್ಟಗೆ ಬರೆಯಲ್ಪಡದಿರುವಾಗ, ಅಂಥ ಪಟ್ಟಿಯಿಂದ ಪಡೆಯುವ ಪ್ರಯೋಜನ ಎಷ್ಟು?

ಆದುದರಿಂದ ನಮ್ಮ ಸರ್ಕಾರಗಳು ಮಾಡತಕ್ಕ ಕಾರ್ಯ ಸ್ಪಷ್ಟವಾಗಿದೆ. ಯುರೇನಿಯಂ ಗಣಿಯಲ್ಲಿಯೂ ಸಂಸ್ಕರಣ ಕಾರ್ಖಾನೆಯಲ್ಲಿಯೂ ಒಂದು ದಿನ ದುಡಿದವನ ಹೆಸರನ್ನೂ, ಅವನು ಕಾಯಂ ನೌಕರನಾಗಿರಲಿ ಗುತ್ತಿಗೆಯವನಾಗಿರಲಿ, ಶಾಶ್ವತವಾದ ದಾಖಲೆಯಲ್ಲಿ ಸೇರಿಸಬೇಕು. ಅವನು ಪಡೆದ ವಿಕಿರಣದ ಪ್ರಮಾಣವನ್ನು ವರ್ಷಕ್ಕೊಮ್ಮೆ ಅವನ ಭಾಷೆಯಲ್ಲಿ ಅವನ ಕೈಗೆ ಬರೆದುಕೊಡಬೇಕು. ಕೆಲಸ ಬಿಟ್ಟ ಮೇಲೂ ಅವನ ಆಯುಷ್ಯಪರ್ಯಂತ ಉಚಿತವಾದ ತಪಾಸಣೆ ದೊರೆಯಬೇಕು. ಗೊತ್ತಾದ ರೋಗಗಳಲ್ಲಿ ಯಾವುದಾದರೂ ಕಾಣಿಸಿಕೊಂಡರೆ, ಅದು ವೃತ್ತಿಯಿಂದಲೇ ಬಂದುದೆಂದು ಶಾಸನ ಭಾವಿಸಿ, ಅಲ್ಲವೆಂದು ಸಾಧಿಸುವ ಹೊರೆಯನ್ನು ನಿಗಮದ ಮೇಲೆ ಹೊರಿಸಬೇಕು. ದಾಖಲೆಯನ್ನು ಪರಮಾಣುಶಕ್ತಿ ಇಲಾಖೆಯ ಹೊರಗಿನ ಆರೋಗ್ಯ ಸಂಸ್ಥೆಯೊಂದು ನಿರ್ವಹಿಸಬೇಕು. ಅಮೆರಿಕವು ಅರ್ಧಶತಮಾನದ ಸಾವುಗಳ ತರುವಾಯ, ವ್ಯಾಜ್ಯಗಳ ತರುವಾಯ, ಹಲವು ಬಾರಿ ಶಾಸನ ತಿದ್ದಿದ ತರುವಾಯವೂ ಪೂರ್ತಿಯಾಗಿ ಕಲಿಯದ ಪಾಠವನ್ನು ಆರಂಭದಲ್ಲಿಯೇ ಕಲಿಯುವ ಸುಯೋಗ ನಮಗಿದೆ.

ಅಣುಶಕ್ತಿ ಬೇಕೆನ್ನುವವರೂ ಬೇಡವೆನ್ನುವವರೂ ಈ ಒಂದು ವಿಷಯದಲ್ಲಿ ಒಮ್ಮತಕ್ಕೆ ಬರಲು ಅಡ್ಡಿಯಿಲ್ಲ. ಬೇಕೆನ್ನುವವರಿಗಂತೂ ಹೊಣೆ ಇನ್ನೂ ಹೆಚ್ಚಿನದು. ಏಕೆಂದರೆ ವಿದ್ಯುತ್ತಿನ ಬೆಲೆಯಲ್ಲಿಯೋ ಅಸ್ತ್ರದ ಬೆಲೆಯಲ್ಲಿಯೋ ಕಾರ್ಮಿಕನ ಆಯುಷ್ಯದ ಬೆಲೆಯನ್ನು ಸೇರಿಸದೆ ಹಾಕಿದ ಲೆಕ್ಕ ಅಸತ್ಯವಾದ ಲೆಕ್ಕ. ಆ ಬೆಲೆಯನ್ನು ಯಾರೋ ಒಬ್ಬರು ಕೊಟ್ಟೇ ತೀರಬೇಕು. ಇದುವರೆಗೆ ಅದನ್ನು ಕೊಟ್ಟವರು ಶಿಪ್‌ರಾಕಿನ ವಿಧವೆಯರು, ಲಗೂನಾದ ವೃದ್ಧ ಗಣಿಗಾರರು. ಇನ್ನು ಮೇಲೆ ಅದನ್ನು ಅವರ ದುಡಿಮೆಯಿಂದ ಲಾಭ ಪಡೆದ ರಾಷ್ಟ್ರ ಕೊಡಬೇಕು. ಕೇಳಿದ ಮೇಲೆ ಕೊಡದೆ, ಕೇಳುವ ಮೊದಲೇ ಕೊಡಬೇಕು. ಅವಧಿಯಿಟ್ಟು ಕೊಡದೆ, ಋಣ ತೀರುವವರೆಗೆ ಕೊಡಬೇಕು.